ಸಿಂಗಪುರದ ಕೋಪಿ: ಒಂದು ಆರ್ಡರಿನ ಪದಗಳನ್ನು ಹಿಡಿದು ಊರು ನಡೆಯುವ ಬಗೆ

ಸಿಂಗಪುರದ ಯಾವುದೇ ಹಾಕರ್ ಸೆಂಟರಿನಲ್ಲಿ, ಅಂದರೆ ಹತ್ತಾರು ತಿಂಡಿ ಮಳಿಗೆಗಳು ಒಂದೇ ಸೂರಿನಡಿ ಇರುವ ಕಡೆ, ಬೆಳಿಗ್ಗೆ ಏಳೂವರೆಗೆ ಕಾಫಿ ಅಂಗಡಿಯ ಸಾಲಿನಲ್ಲಿ ನಿಂತರೆ ಇಂಥದ್ದೊಂದು ಮಾತು ಕಿವಿಗೆ ಬೀಳುತ್ತದೆ: "ಅಂಕಲ್, ಕೋಪಿ ಸಿ ಗಾವ್ ಸ್ಯೂ ದಾಯ್ ಪೆಂಗ್, ತಪಾವ್." ಹೇಳಿದವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅಂಕಲ್ಲಿನ ಕೈ ಡಬ್ಬಿ ಹಾಲಿನ ಕಡೆ ಹೋಗಿರುತ್ತದೆ. ನಮ್ಮ ದರ್ಶಿನಿಯಲ್ಲಿ "ಒಂದು ಸ್ಟ್ರಾಂಗ್, ಸಕ್ಕರೆ ಕಮ್ಮಿ, ಬೈ ಟೂ" ಎನ್ನುವುದಿಲ್ಲವೇ, ಅದೇ ಕೆಲಸ. ಆದರೆ ಈ ಒಂದು ವಾಕ್ಯದಲ್ಲಿ ನಾಲ್ಕೈದು ಭಾಷೆಗಳಿವೆ. ಕೋಪಿ ಎಂಬುದು ಮಲಯ್ ಪದ. ಗಾವ್ ಮತ್ತು ಪೆಂಗ್ ದಕ್ಷಿಣ ಚೀನಾದ ಹೊಕ್ಕಿಯೆನ್ ಜನರವು. ಸಿ ಎಂಬುದು ಹೈನಾನ್ ದ್ವೀಪದವರ ಮಾತು. ಸ್ಯೂ ದಾಯ್ ಚೀನಾದ ಫೂಚೌ ಊರಿನ ಕಡೆಯದು ಎಂದು ಹೆಚ್ಚಿನವರು ಹೇಳುತ್ತಾರೆ, ಕ್ಯಾಂಟನೀಸ್ ಎನ್ನುವವರೂ ಇದ್ದಾರೆ. ತಪಾವ್ ಅಂದರೆ ಪಾರ್ಸೆಲ್, ಅದು ಕ್ಯಾಂಟನೀಸ್. ಹಡಗಿನಲ್ಲಿ ಬಂದಿಳಿದ ಒಂದೊಂದು ಗುಂಪೂ ಈ ಲೋಟಕ್ಕೆ ಒಂದೊಂದು ಪದ ಹಾಕಿದೆ. ಆ ಗುಂಪುಗಳು ನೆಲೆನಿಂತ ಬೀದಿಗಳು ಇಂದಿಗೂ ಇವೆ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಇಡೀ ದಾರಿ ಸುಮಾರು ಐದು ಕಿಲೋಮೀಟರ್.

ನಡೆಯುವ ಮೊದಲು ಲೋಟದಲ್ಲಿ ಏನಿದೆ ಎಂಬುದು ತಿಳಿದಿರಬೇಕು. ತಿಳಿಯದೆ ಕುಡಿದವರು "ಇದೇನು ಸೀದ ಕಾಫಿ" ಎಂದು ಅರ್ಧ ಬಿಟ್ಟು ಏಳುತ್ತಾರೆ.

ಬಡವರ ಬೀಜ, ಜಾಣರ ಹುರಿತ

ಕೋಪಿಯ ಬೀಜ ರೋಬಸ್ಟಾ. ಕೊಡಗು, ಚಿಕ್ಕಮಗಳೂರಿನವರಿಗೆ ಇದರ ಹಿನ್ನೆಲೆ ಹೊಸತಲ್ಲ. 1870-80ರ ಸುಮಾರಿಗೆ ಎಲೆ ತುಕ್ಕು ರೋಗ ಸಿಲೋನಿನ ತೋಟಗಳನ್ನು ನುಂಗಿತು, ಜಾವಾದ ಅರೇಬಿಕಾವನ್ನೂ ಬಿಡಲಿಲ್ಲ. ಅದೇ ರೋಗ ನಮ್ಮ ಮಲೆನಾಡಿನ ಬೆಳೆಗಾರರನ್ನೂ ಕಾಡಿತು. ರೋಗಕ್ಕೆ ಜಗ್ಗದ ರೋಬಸ್ಟಾ ಆಫ್ರಿಕಾದಿಂದ ಜಾವಾಕ್ಕೆ ಬಂದದ್ದು 1900ರ ಆಸುಪಾಸಿನಲ್ಲಿ. ಉಳಿದ ಒಳ್ಳೆಯ ಅರೇಬಿಕಾ ಯುರೋಪಿಗೆ ಹೋಗುತ್ತಿತ್ತು. ಸಿಂಗಪುರದ ಬಂದರಿನ ಹಮಾಲಿಗಳಿಗೂ ರಿಕ್ಷಾ ಎಳೆಯುವವರಿಗೂ ಕಾಫಿ ಮಾರುವವನ ಕೈಗೆ ಸಿಗುತ್ತಿದ್ದದ್ದು ಅಗ್ಗದ, ಒಗರು ಕಹಿಯ ರೋಬಸ್ಟಾ. ಕೂಲಿಕಾರನಿಗೆ ಎಟುಕುವ ಬೆಲೆಯಲ್ಲಿ ಅದನ್ನು ಕುಡಿಯುವಂತೆ ಮಾಡಬೇಕಿತ್ತು.

ಅದಕ್ಕೆ ಅವರು ಕಂಡುಕೊಂಡ ದಾರಿ ಹುರಿಯುವುದರಲ್ಲಿದೆ. ಬೀಜ ಚೆನ್ನಾಗಿ ಕಪ್ಪಾಗುವ ಹೊತ್ತಿಗೆ, ಕೊನೆಯ ಹಂತದಲ್ಲಿ, ಸಕ್ಕರೆ ಮತ್ತು ಮಾರ್ಗರಿನ್ ಅಥವಾ ಬೆಣ್ಣೆ ಹಾಕುತ್ತಾರೆ. ಸಕ್ಕರೆ ಕರಗಿ ಪಾಕವಾಗಿ ಬೀಜಕ್ಕೆ ಅಂಟಿಕೊಳ್ಳುತ್ತದೆ. ಜಿಡ್ಡು ಆ ಪಾಕವನ್ನು ಎಲ್ಲ ಬೀಜಕ್ಕೂ ಸಮನಾಗಿ ಹರಡುತ್ತದೆ. ಹೊರಗೆ ತೆಗೆದು ಹರಡಿದಾಗ ಇಡೀ ರಾಶಿ ಚಿಕ್ಕಿಯ ಹಾಗೆ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ, ಆರಿದ ಮೇಲೆ ಒಡೆದು ಬಿಡಿಸಬೇಕು. ಪಾಕ ಹದ ಮೀರಿದರೆ ಕಹಿ ಹೋಗುವ ಬದಲು ದುಪ್ಪಟ್ಟಾಗುತ್ತದೆ, ಹದಕ್ಕೆ ಮುಂಚೆ ತೆಗೆದರೆ ಪುಡಿ ಜಿಗುಟಾಗಿ ಸೋಸುವಾಗ ಕಟ್ಟಿಕೊಳ್ಳುತ್ತದೆ. ನಮ್ಮಲ್ಲಿ ಚಿಕೋರಿ ಮಾಡುವ ಕೆಲಸವನ್ನು, ಅಂದರೆ ಬಣ್ಣ, ಮಂದ, ಕಹಿಗೊಂದು ಹೊದಿಕೆ, ಅಲ್ಲಿ ಈ ಸುಟ್ಟ ಸಕ್ಕರೆ ಮಾಡುತ್ತದೆ. ಕೋಪಿಯ ಮೊದಲ ಗುಟುಕಿನಲ್ಲಿ ಬರುವ ಸೀದ ಬೆಲ್ಲದ ಘಮ ಇದೇ. ಅದನ್ನು ಕೊರತೆ ಎಂದು ಕಂಡರೆ ಕೋಪಿ ರುಚಿಸುವುದಿಲ್ಲ. ಸಾಧಾರಣ ಬೀಜದಿಂದ ಇಷ್ಟು ಗಟ್ಟಿ ರುಚಿ ತೆಗೆದದ್ದು ದೊಡ್ಡ ಕಸುಬು.

ಹಾಲಿನ ಕಥೆಯೂ ಹೀಗೆಯೇ. ಆ ಬಿಸಿಲಿನಲ್ಲಿ, ಫ್ರಿಜ್ ಇಲ್ಲದ ಕಾಲದಲ್ಲಿ ಹಸಿ ಹಾಲು ಮಧ್ಯಾಹ್ನದವರೆಗೆ ಉಳಿಯುತ್ತಿರಲಿಲ್ಲ. ಹಾಗಾಗಿ ಸಕ್ಕರೆ ತುಂಬಿದ ಕಂಡೆನ್ಸ್ಡ್ ಹಾಲಿನ ಡಬ್ಬಿ, ನಮ್ಮ ಮನೆಗಳಲ್ಲಿ ಮಿಲ್ಕ್‌ಮೇಡ್ ಎಂದೇ ಕರೆಯುವಂಥದ್ದು, ಅಂಗಡಿಗೆ ಬಂತು. ಖಾಲಿ ಡಬ್ಬಿಯೂ ವ್ಯರ್ಥವಾಗಲಿಲ್ಲ. ಒಂದು ಕಾಲದಲ್ಲಿ ಪಾರ್ಸೆಲ್ ಕೋಪಿಯನ್ನು ಅದೇ ಡಬ್ಬಿಗೆ ದಾರ ಕಟ್ಟಿ ಕೊಡುತ್ತಿದ್ದರು. ಇಂದು ದಾರ ಪೋಣಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಕೊಡುವ ಅಂಗಡಿಗಳು ಇನ್ನೂ ಇವೆ.

ಸೋಸುವುದು ಬಟ್ಟೆಯ ಚೀಲದಲ್ಲಿ. ಮಲೆನಾಡಿನ ಅಡುಗೆಮನೆಯಲ್ಲಿ ಕಾಫಿ ಸೋಸುವ ಬಟ್ಟೆ ನೋಡಿದವರಿಗೆ ತಕ್ಷಣ ಗುರುತು ಹತ್ತುತ್ತದೆ. ವ್ಯತ್ಯಾಸವೆಂದರೆ ಇದು ಕಾಲುಚೀಲದಷ್ಟು ಉದ್ದ, ಬಾಯಿಗೆ ತಂತಿಯ ಬಳೆ ಮತ್ತು ಹಿಡಿ ಇರುತ್ತದೆ. ಪುಡಿ ತುಂಬಿದ ಚೀಲವನ್ನು ಉದ್ದ ಕೊಕ್ಕಿನ ಹೂಜಿಯೊಳಗೆ ಇಳಿಬಿಟ್ಟು ಕುದಿಯುವ ನೀರು ಹೊಯ್ಯುತ್ತಾರೆ. ಕೆಲವು ನಿಮಿಷ ನೆನೆದ ಮೇಲೆ ಚೀಲವನ್ನು ಎರಡನೇ ಹೂಜಿಗೆ ಹಾಕಿ, ಮೊದಲ ಹೂಜಿಯ ಕಷಾಯವನ್ನು ಮತ್ತೆ ಅದೇ ಪುಡಿಯ ಮೇಲೆ ಹೊಯ್ಯುತ್ತಾರೆ. ಹೀಗೆ ಎರಡು ಮೂರು ಸಲ. ಬಂದದ್ದು ನಮ್ಮ ಮೊದಲ ಡಿಕಾಕ್ಷನ್ನಿನ ಹಾಗೆ ಗಟ್ಟಿ.

ಈಗ ಅಂಕಲ್ಲಿನ ಕೈ ನೋಡಿ. ದಪ್ಪ ಪಿಂಗಾಣಿ ಕಪ್ಪು ಬಿಸಿನೀರಿನ ತೊಟ್ಟಿಯಿಂದ ಬರುತ್ತದೆ, ಕಪ್ಪು ತಣ್ಣಗಿದ್ದರೆ ಕೋಪಿ ಟೇಬಲ್ ಸೇರುವಷ್ಟರಲ್ಲಿ ಆರಿರುತ್ತದೆ. ತಳಕ್ಕೆ ಕಂಡೆನ್ಸ್ಡ್ ಹಾಲು ಬೀಳುತ್ತದೆ. ಮೇಲೆ ಡಿಕಾಕ್ಷನ್, ಅದರ ಮೇಲೆ ಬಿಸಿನೀರು, ಕೊನೆಗೆ ಒಂದು ಚಮಚ. ಕಲಕಿ ಕೊಡುವುದಿಲ್ಲ. ಕಲಕದೆ ಕುಡಿದರೆ ಮೇಲೆ ಕಹಿ, ತಳದಲ್ಲಿ ಪಾಯಸ. ಚಮಚವನ್ನು ತಳಕ್ಕೆ ಮುಟ್ಟಿಸಿ, ಕೆಳಗಿನಿಂದ ಮೇಲಕ್ಕೆ ಎತ್ತಿ ಹತ್ತು ಹನ್ನೆರಡು ಸುತ್ತು ಕಲಕಬೇಕು.

ಆರ್ಡರಿನ ವ್ಯಾಕರಣ

ಈ ಜೋಡಣೆ ಗೊತ್ತಾದರೆ ಆರ್ಡರಿನ ಪದಗಳು ತಾವಾಗಿ ಬಿಡಿಸಿಕೊಳ್ಳುತ್ತವೆ, ಏಕೆಂದರೆ ಒಂದೊಂದು ಪದವೂ ಕಪ್ಪಿನ ಒಂದೊಂದು ಪದರಕ್ಕೆ ಸಂಬಂಧಿಸಿದ್ದು.

ಬರೀ "ಕೋಪಿ" ಎಂದರೆ ಕಂಡೆನ್ಸ್ಡ್ ಹಾಲು ಹಾಕಿದ ಕಾಫಿ. "ಕೋಪಿ ಓ" ಎಂದರೆ ಹಾಲಿಲ್ಲ, ಸಕ್ಕರೆ ಉಂಟು. ಹೊಕ್ಕಿಯೆನ್‌ನಲ್ಲಿ ಓ ಅಂದರೆ ಕಪ್ಪು. "ಕೋಪಿ ಸಿ" ಎಂದರೆ ಸಕ್ಕರೆ ಬೆರೆಸದೆ ಕಾಸಿ ಗಟ್ಟಿ ಮಾಡಿದ ಡಬ್ಬಿ ಹಾಲು, ಸಕ್ಕರೆ ಬೇರೆಯಾಗಿ. ಈ ಸಿ ಹೈನಾನಿ ಮಾತಿನಲ್ಲಿ ತಾಜಾ ಎನ್ನುವ ಪದ ಎಂಬುದು ಒಂದು ವಿವರಣೆ, ಕಾರ್ನೇಶನ್ ಎಂಬ ಹಾಲಿನ ಬ್ರ್ಯಾಂಡಿನ ಮೊದಲ ಅಕ್ಷರ ಎಂಬುದು ಇನ್ನೊಂದು.

ಆಮೇಲೆ ಗಟ್ಟಿತನ. "ಗಾವ್" ಎಂದರೆ ಡಿಕಾಕ್ಷನ್ ಹೆಚ್ಚು, "ಪೋ" ಎಂದರೆ ತೆಳು, "ಡಿ ಲೋ" ಎಂದರೆ ನೀರು ಬೆರೆಸದೆ ನೇರ ಡಿಕಾಕ್ಷನ್. ಡಿ ಲೋ ಕುಡಿಯುವವರಿಗೆ ಒಂದು ಮಾತು: ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಒಂದೇ ಬೆಳಿಗ್ಗೆ ನಾಲ್ಕು ಕಡೆ ಕುಡಿಯುವ ಯೋಚನೆ ಇದ್ದರೆ ಮೊದಲ ಲೋಟದಿಂದಲೇ ಪೋ ಎನ್ನಿ, ಇಲ್ಲವೇ ಒಂದು ಲೋಟವನ್ನು ಇಬ್ಬರು ಹಂಚಿಕೊಳ್ಳಿ.

ಸಿಹಿಗೆ "ಸ್ಯೂ ದಾಯ್" ಕಡಿಮೆ, "ಗಾ ದಾಯ್" ಹೆಚ್ಚು, "ಕೋಸೋಂಗ್" ಶೂನ್ಯ. ಕೋಸೋಂಗ್ ಎಂದರೆ ಮಲಯ್‌ನಲ್ಲಿ ಖಾಲಿ. ಕೊನೆಯಲ್ಲಿ "ಪೆಂಗ್" ಸೇರಿಸಿದರೆ ಐಸ್, ಅದಕ್ಕೆ ಸ್ವಲ್ಪ ಹೆಚ್ಚು ಕಾಸು. ಕೋಪಿ ಇರುವ ಕಡೆ "ತೆ" ಎಂದರೆ ಅದೇ ವ್ಯಾಕರಣ ಟೀಗೂ ನಡೆಯುತ್ತದೆ: ತೆ ಓ, ತೆ ಸಿ ಕೋಸೋಂಗ್, ಹೀಗೆ.

ಇಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ಮಧುಮೇಹ ಇರುವವರು "ಕೋಪಿ, ನೋ ಶುಗರ್" ಎನ್ನುತ್ತಾರೆ. ಅಂಗಡಿಯವರು ಚಮಚದ ಸಕ್ಕರೆ ಹಾಕುವುದಿಲ್ಲ ನಿಜ, ಆದರೆ ಕಂಡೆನ್ಸ್ಡ್ ಹಾಲಿನಲ್ಲೇ ಹತ್ತಿರ ಹತ್ತಿರ ಅರ್ಧದಷ್ಟು ಸಕ್ಕರೆ ಇರುತ್ತದೆ. ಬಂದ ಲೋಟ ಅಂಟು ಸಿಹಿ. ಹಾಲು ಬೇಕು, ಸಕ್ಕರೆ ಬೇಡ ಎನ್ನುವವರು ಹೇಳಬೇಕಾದದ್ದು "ಕೋಪಿ ಸಿ ಕೋಸೋಂಗ್". ಎರಡೂ ಬೇಡವಾದರೆ "ಕೋಪಿ ಓ ಕೋಸೋಂಗ್". ಇದನ್ನು ಬಾಯಿಪಾಠ ಮಾಡಿಕೊಂಡು ಹೋಗಿ. ಹುರಿಯುವಾಗಲೇ ಸಕ್ಕರೆ, ಜಿಡ್ಡು ಸೇರಿರುವುದರಿಂದ ಓ ಕೋಸೋಂಗ್ ಕೂಡ ಪೂರ್ತಿ ಶುದ್ಧ ಕಪ್ಪು ಕಾಫಿಯಲ್ಲ ಎಂಬುದೂ ನೆನಪಿರಲಿ. ಹಾಲಿನ ಪದಾರ್ಥವನ್ನೇ ಮುಟ್ಟದವರು ಹುರಿದದ್ದು ಬೆಣ್ಣೆಯಲ್ಲೋ ಮಾರ್ಗರಿನ್ನಿನಲ್ಲೋ ಎಂದು ಕೇಳಿಯೇ ಕುಡಿಯುವುದು ಒಳ್ಳೆಯದು.

ಮೈಲೋ ಎಂಬ ಚಾಕೊಲೇಟ್ ಪಾನೀಯಕ್ಕೆ ಹೊಕ್ಕಿಯೆನ್‌ನಲ್ಲಿ "ಚೆಂಡು ಒದೆಯುವುದು" ಎಂಬ ಅಡ್ಡಹೆಸರಿದೆ, ಡಬ್ಬಿಯ ಮೇಲೆ ಫುಟ್ಬಾಲ್ ಆಟಗಾರನ ಚಿತ್ರ ಇರುತ್ತಿದ್ದುದರಿಂದ. ದಾರದ ಟೀ ಬ್ಯಾಗಿಗೆ "ಮೀನು ಹಿಡಿಯುವುದು" ಎನ್ನುತ್ತಾರೆ. ಇವು ತಿಳಿಯದಿದ್ದರೂ ಕೆಲಸ ನಡೆಯುತ್ತದೆ, ತಿಳಿದಿದ್ದರೆ ಸಾಲಿನಲ್ಲಿ ನಿಂತು ಕೇಳಿಸಿಕೊಳ್ಳುವ ಖುಷಿಯೇ ಬೇರೆ.

ನಡಿಗೆ

ಬೆಳಿಗ್ಗೆ ಏಳಕ್ಕೆ ಲಿಟಲ್ ಇಂಡಿಯಾ ಮೆಟ್ರೊ ನಿಲ್ದಾಣದಿಂದ ಹೊರಡಿ. ಹತ್ತೂವರೆ ದಾಟಿದರೆ ಬಿಸಿಲು ಏರುತ್ತದೆ, ಹಳೆಯ ಕಾಫಿ ಅಂಗಡಿಗಳಲ್ಲಿ ಕೆಲವು ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತವೆ. ಮಳೆಗೆ ಅಷ್ಟು ಹೆದರಬೇಕಿಲ್ಲ. 1822ರಲ್ಲಿ ಬ್ರಿಟಿಷ್ ಅಧಿಕಾರಿ ರಾಫೆಲ್ಸ್ ಊರಿನ ನಕ್ಷೆ ಹಾಕಿಸಿದಾಗಲೇ ಅಂಗಡಿಮನೆಗಳ ಮುಂದೆ ಒಂದಕ್ಕೊಂದು ಕೂಡುವ ಜಗಲಿ ಬಿಡಬೇಕೆಂದು ನಿಯಮ ಮಾಡಿದ್ದ. ಐದಡಿ ದಾರಿ ಎಂದು ಕರೆಯುವ ಆ ಜಗಲಿಗಳ ಕೆಳಗೆ ಹಳೆಯ ಊರಿನ ಬಹುಪಾಲನ್ನು ನೆರಳಿನಲ್ಲೇ ನಡೆಯಬಹುದು. ಅದೇ ನಕ್ಷೆ ಚೀನೀಯರಿಗೆ ನದಿಯ ತೆಂಕಣ ದಡ, ಸುಲ್ತಾನ ಮತ್ತು ಮಲಯ್, ಅರಬ್ ಜನರಿಗೆ ಮೂಡಣದ ಕಂಪೋಂಗ್ ಗ್ಲಾಮ್ ಎಂದು ಜಾಗ ಹಂಚಿತು. ಇವತ್ತಿನ ನಡಿಗೆಯ ಬೇರೆ ಬೇರೆ ರುಚಿಗಳಿಗೆ ಆ ಹಂಚಿಕೆಯೂ ಒಂದು ಕಾರಣ.

ಲಿಟಲ್ ಇಂಡಿಯಾ ಆ ನಕ್ಷೆಯಲ್ಲಿರಲಿಲ್ಲ. ಅದು ಬೆಳೆದದ್ದು ದನ, ಎಮ್ಮೆಗಳ ವ್ಯಾಪಾರದಿಂದ. ಟೆಕ್ಕಾ ಮಾರುಕಟ್ಟೆಯ ಮಲಯ್ ಹೆಸರು ಕಂಡಾಂಗ್ ಕೆರ್ಬಾವ್, ಅಂದರೆ ಎಮ್ಮೆ ಕೊಟ್ಟಿಗೆ. ಪಕ್ಕದಲ್ಲೇ ಬಫೆಲೊ ರಸ್ತೆ, ಕೆರ್ಬಾವ್ ರಸ್ತೆ. ಊರಿನ ಬೇರೆಡೆ ಡಬ್ಬಿ ಹಾಲು ಆಳಿದರೆ, ಇಲ್ಲಿನ ತಿಂಡಿ ಹೋಟೆಲುಗಳಲ್ಲಿ ಹಸಿ ಹಾಲಿನ ಫಿಲ್ಟರ್ ಕಾಫಿ ಲೋಟ-ಡಬರಿಯಲ್ಲಿ ಬರುತ್ತದೆ. ಸೆರಂಗೂನ್ ರಸ್ತೆಯ ಕೋಮಳ ವಿಲಾಸ್ 1947ರಿಂದ ಇದೆ. ಅದೇ ರಸ್ತೆಯಲ್ಲಿ ಮುಂದೆ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಹತ್ತಿರ ಬೆಂಗಳೂರಿನ ಎಂಟಿಆರ್ ಕೂಡ ಇದೆ. ಇಲ್ಲಿ ಅರ್ಧ ಲೋಟ ಫಿಲ್ಟರ್ ಕಾಫಿ ಕುಡಿದು, ಟೆಕ್ಕಾ ಸೆಂಟರಿನೊಳಗೆ ಹೋಗಿ ಒಂದು ಕೋಪಿ ಪೋ ಕುಡಿಯಿರಿ. ಚಿಕೋರಿಯ ಮಂದಕ್ಕೂ ಸುಟ್ಟ ಸಕ್ಕರೆಯ ಮಂದಕ್ಕೂ ಇರುವ ಅಂತರ ನಾಲಿಗೆಗೆ ಸ್ಪಷ್ಟವಾಗುವುದು ಹೀಗೆ ಬೆನ್ನುಬೆನ್ನಿಗೆ ಕುಡಿದಾಗ ಮಾತ್ರ.

ಅಲ್ಲಿಂದ ಆಗ್ನೇಯಕ್ಕೆ ಇಪ್ಪತ್ತು ನಿಮಿಷ ನಡೆದರೆ ಕಂಪೋಂಗ್ ಗ್ಲಾಮ್. ಸುಲ್ತಾನ್ ಮಸೀದಿಯ ಚಿನ್ನದ ಬಣ್ಣದ ಗುಮ್ಮಟದ ಬುಡದಲ್ಲಿ ಒಂದು ಕಪ್ಪು ಪಟ್ಟಿ ಕಾಣುತ್ತದೆ. ದೂರದಿಂದ ಅದು ಬಣ್ಣ ಎನ್ನಿಸುತ್ತದೆ, ಹತ್ತಿರದಿಂದ ನೋಡಿದರೆ ಸಾಲಾಗಿ ಜೋಡಿಸಿದ ಗಾಜಿನ ಬಾಟಲಿಗಳ ತಳ. ಕಟ್ಟಡಕ್ಕೆ ಹಣ ಕೊಡಲಾಗದ ಬಡವರು ಬಾಟಲಿ ಕೊಟ್ಟಿದ್ದರು. ಈ ಬೀದಿಗಳಲ್ಲಿ ಕಾಫಿಗಿಂತ ಟೀಯದ್ದೇ ಮೇಲುಗೈ. ಭಾರತದಿಂದ ಬಂದ ಮುಸ್ಲಿಮರು ನಡೆಸುತ್ತಿದ್ದ ಟೀ ಗಾಡಿಗಳಿಗೆ ಸರಬತ್ ಅಂಗಡಿ ಎಂದೇ ಹೆಸರು. ನಮ್ಮ ಶರಬತ್ತು ಬಂದ ಮೂಲದಿಂದಲೇ ಬಂದ ಪದ ಇದು. ಆದರೆ ಇಲ್ಲಿ ಅದಕ್ಕೆ ಅರ್ಥ ತಣ್ಣನೆಯ ಪಾನಕವಲ್ಲ, ಬಿಸಿ ಶುಂಠಿ ಪಾನೀಯ. ಕೇಳಬೇಕಾದದ್ದು "ತೆ ಹಲಿಯಾ", ಹಲಿಯಾ ಎಂದರೆ ಮಲಯ್‌ನಲ್ಲಿ ಶುಂಠಿ. ಇಲ್ಲವೇ "ತೆ ತಾರಿಕ್", ಅಂದರೆ ಎಳೆದ ಟೀ.

ಎಳೆಯುವುದೆಂದರೆ ಎರಡು ಚೊಂಬುಗಳ ನಡುವೆ ತೋಳಷ್ಟು ಎತ್ತರದಿಂದ ಆರೆಂಟು ಸಲ ಹೊಯ್ಯುವುದು. ನಾವೂ ಲೋಟ-ಡಬರಿಯಲ್ಲಿ ಕಾಫಿ ಆರಿಸುತ್ತೇವೆ, ಆದರೆ ತಾರಿಕ್‌ನ ಮುಖ್ಯ ಉದ್ದೇಶ ಆರಿಸುವುದಲ್ಲ. ಎತ್ತರದಿಂದ ಬೀಳುವ ಧಾರೆ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಹಾಲಿನ ಪ್ರೋಟೀನು ಆ ಗಾಳಿಯನ್ನು ಹಿಡಿದು ನೊರೆ ಮಾಡುತ್ತದೆ, ತಳದಲ್ಲಿ ಕೂರುವ ಭಾರದ ಕಂಡೆನ್ಸ್ಡ್ ಹಾಲು ಚಮಚದ ನೆರವಿಲ್ಲದೆ ಒಂದಾಗುತ್ತದೆ. ಧಾರೆ ತುಂಡಾದರೆ ನೊರೆ ದೊಡ್ಡ ಗುಳ್ಳೆಯಾಗಿ ಬೇಗ ಒಡೆಯುತ್ತದೆ, ಹೊಯ್ಯುವ ಚೊಂಬು ನಡುಗದಿದ್ದರೆ ನೊರೆ ಸಣ್ಣದಾಗಿ ದಪ್ಪಗೆ ನಿಲ್ಲುತ್ತದೆ. ಮನೆಯಲ್ಲಿ ತೆ ಹಲಿಯಾ ಮಾಡುವವರು ಶುಂಠಿಯನ್ನು ಮೊದಲು ನೀರಿನಲ್ಲಿ ಐದು ನಿಮಿಷ ಚೆನ್ನಾಗಿ ಕುದಿಸಿ. ಹಸಿ ಶುಂಠಿಯಲ್ಲಿ ಹಾಲನ್ನು ಒಡೆಯುವ ಕಿಣ್ವವಿದೆ, ಕುದಿದರೆ ಅದು ಸಾಯುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಈ ಬೀದಿಗಳು ತುಂಬಿರುತ್ತವೆ, ಆ ಹೊತ್ತು ತಪ್ಪಿಸಿ.

ಮುಂದಿನದು ಮಿಡಲ್ ರೋಡ್, ಪರ್ವಿಸ್ ಸ್ಟ್ರೀಟ್, ಸೀಯಾ ಸ್ಟ್ರೀಟ್. ಹೈನಾನಿಗಳು ಇವನ್ನು ಒಂದನೇ, ಎರಡನೇ, ಮೂರನೇ ಬೀದಿ ಎಂದು ಕರೆದರು. ಕೋಪಿಯ ತವರು ಇದೇ. ಹೈನಾನಿಗಳು ಸಿಂಗಪುರಕ್ಕೆ ಬಂದದ್ದು ತಡವಾಗಿ. ಅಷ್ಟರಲ್ಲಿ ವ್ಯಾಪಾರಗಳೆಲ್ಲ ಹೊಕ್ಕಿಯೆನ್, ತಿಯೊಚೂ, ಕ್ಯಾಂಟನೀಸರ ಕೈಯಲ್ಲಿದ್ದವು. ಉಳಿದದ್ದು ಬ್ರಿಟಿಷರ ಮನೆ, ಹೋಟೆಲು, ಹಡಗುಗಳ ಅಡುಗೆ ಕೆಲಸ. ಅಲ್ಲಿ ಕಾಫಿ, ಟೋಸ್ಟು, ಮೊಟ್ಟೆ ಮಾಡಲು ಕಲಿತರು. ಅದನ್ನೇ ಬೀದಿಗೆ ತಂದು ದುಡಿಯುವವರ ಬೆಲೆಗೆ ಮಾರಿದರು. ಜ್ಯಾಮಿನ ಜಾಗಕ್ಕೆ ತೆಂಗಿನ ಹಾಲು, ಮೊಟ್ಟೆ, ಸಕ್ಕರೆ, ಪಾಂಡನ್ ಎಲೆ ಹಾಕಿ ಕಾಸಿದ ಕಾಯಾ ಬಂತು. ದೊರೆಯ ಬೆಳಗಿನ ಉಪಾಹಾರ ಹೀಗೆ ಹಮಾಲಿಯ ಮೇಜಿಗೆ ಇಳಿಯಿತು. ಕಿಲ್ಲಿನಿ ರಸ್ತೆಯ ಹೈನಾನಿ ಕಾಫಿ ಅಂಗಡಿ 1919ರದ್ದು. ಕಾಫಿ ಅಂಗಡಿಗೆ ಊರೆಲ್ಲ ಬಳಸುವ ಕೋಪಿತಿಯಾಂ ಎಂಬ ಹೆಸರೇ ಅರ್ಧ ಮಲಯ್, ಅರ್ಧ ಚೀನೀ: ಕೋಪಿ ಎಂದರೆ ಕಾಫಿ, ತಿಯಾಂ ಎಂದರೆ ಅಂಗಡಿ. ಈ ಮೂರು ಬೀದಿಗಳಲ್ಲಿ ಎಲ್ಲಾದರೂ ಕೂತು ಕಾಯಾ ಟೋಸ್ಟಿನ ಜೊತೆ ಮಾಮೂಲಿ ಕೋಪಿ ಕುಡಿಯಿರಿ. ಸ್ಯೂ ದಾಯ್ ಎನ್ನಲು ಮರೆಯಬೇಡಿ, ಕಾಯಾ ಸಾಕಷ್ಟು ಸಿಹಿ.

ಕೊನೆಯ ಎರಡು ಕಿಲೋಮೀಟರ್ ನದಿ ದಾಟಿ ತೆಲೋಕ್ ಆಯರ್ ಬೀದಿಗೆ. 19ನೇ ಶತಮಾನದ ಕೊನೆಯಲ್ಲಿ ಸಮುದ್ರಕ್ಕೆ ಮಣ್ಣು ತುಂಬುವ ತನಕ ಇದೇ ಕಡಲ ದಡ, ಹಡಗಿನಿಂದ ಇಳಿದವರ ಮೊದಲ ಹೆಜ್ಜೆ ಇಲ್ಲಿಯೇ. ಹೊಕ್ಕಿಯೆನ್ನರು ಕಡಲ ದೇವತೆಗೆ 1839-42ರಲ್ಲಿ ಕಟ್ಟಿದ ಥಿಯಾನ್ ಹೋಕ್ ಕೆಂಗ್ ಗುಡಿ, ಕೋರಮಂಡಲ ತೀರದ ಮುಸ್ಲಿಮರು 1828-30ರಲ್ಲಿ ಕಟ್ಟಿದ ನಾಗೂರು ದರ್ಗಾ ಒಂದೇ ಬೀದಿಯಲ್ಲಿವೆ. ಇಬ್ಬರೂ ಕಟ್ಟಿದ್ದು ಕಡಲು ದಾಟಿ ಬದುಕಿ ಬಂದ ಕೃತಜ್ಞತೆಗೆ. 1926ರಲ್ಲಿ ಹೈನಾನ್‌ನಿಂದ ಬಂದ ಲೋಯ್ ಆ ಕೂನ್ 1944ರಲ್ಲಿ ಕಾಫಿ ಮಳಿಗೆ ಇಟ್ಟದ್ದೂ ತೆಲೋಕ್ ಆಯರ್‌ನಲ್ಲೇ. ಅದೇ ಇಂದಿನ ಯಾ ಕುನ್ ಕಾಫಿ ಅಂಗಡಿಗಳ ಸರಣಿ. ಅಲ್ಲಿಂದ ಹತ್ತು ನಿಮಿಷಕ್ಕೆ ಚೈನಾಟೌನ್ ಕಾಂಪ್ಲೆಕ್ಸ್. ಬೀದಿಬದಿಯ ಗಾಡಿಗಳನ್ನು 1970-80ರ ದಶಕಗಳಲ್ಲಿ ಸರ್ಕಾರ ನಲ್ಲಿ, ಚರಂಡಿ, ಸೂರು ಇರುವ ಇಂಥ ಕಟ್ಟಡಗಳೊಳಗೆ ತಂದು ಕೂರಿಸಿತು. ಈ ಹಾಕರ್ ಸಂಸ್ಕೃತಿ 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಪಟ್ಟಿ ಸೇರಿತು.

ಇಲ್ಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಮಾತ್ರ ಇದ್ದರೆ ಅದು ಖಾಲಿ ಮೇಜಲ್ಲ, ಯಾರೋ ಹಿಡಿದಿಟ್ಟಿದ್ದಾರೆ. ಕುಡಿದ ಮೇಲೆ ಕಪ್ಪು, ತಟ್ಟೆಯನ್ನು ನೀವೇ ಟ್ರೇ ಇಡುವ ಜಾಗಕ್ಕೆ ಒಯ್ಯಬೇಕು. 2021ರ ಸೆಪ್ಟೆಂಬರಿನಿಂದ ಇದು ಕಡ್ಡಾಯ, ಮೊದಲ ಸಲ ಎಚ್ಚರಿಕೆ, ಆಮೇಲೆ ದಂಡ. ಕೋಪಿಗೆ ಒಂದೂವರೆ ಡಾಲರಿನ ಆಸುಪಾಸು ಆಗುತ್ತದೆ, ಚಿಲ್ಲರೆ ಇಟ್ಟುಕೊಂಡಿರಿ.

ಮನೆಯಲ್ಲಿ

ಕೋಪಿ ಪುಡಿ ತರಲಾಗದಿದ್ದರೆ ಕೊಡಗಿನ ರೋಬಸ್ಟಾ ಸಾಕು. ಚಿಕೋರಿ ಇಲ್ಲದ, ಗಾಢವಾಗಿ ಹುರಿದ ಪುಡಿ ಕೇಳಿ, ಫಿಲ್ಟರಿಗಿಂತ ಸ್ವಲ್ಪ ದಪ್ಪಗೆ ಬೀಸಿಸಿ. ನುಣ್ಣಗಾದರೆ ಬಟ್ಟೆ ಕಟ್ಟಿಕೊಂಡು ತಳದಲ್ಲಿ ಗಸಿ ಇಳಿಯುತ್ತದೆ. ಎರಡು ಕಪ್ಪಿಗೆ 30 ಗ್ರಾಂ ಪುಡಿ, 300 ಮಿ.ಲೀ. ಕುದಿಯುವ ನೀರು. ನಾಲ್ಕೈದು ನಿಮಿಷ ಬಿಟ್ಟು, ಬಂದ ಕಷಾಯವನ್ನು ಎರಡು ಸಲ ಅದೇ ಪುಡಿಯ ಮೇಲೆ ಹೊಯ್ಯಿರಿ. ಪುಡಿ ಒಂದಿಷ್ಟು ನೀರು ಹೀರಿ ಸುಮಾರು 240 ಮಿ.ಲೀ. ಕೈಗೆ ಬರುತ್ತದೆ. ಬಿಸಿ ಮಾಡಿದ ಕಪ್ಪಿನ ತಳಕ್ಕೆ ಒಂದೂವರೆ ದೊಡ್ಡ ಚಮಚ ಮಿಲ್ಕ್‌ಮೇಡ್, ಮೇಲೆ ಅರ್ಧ ಕಷಾಯ. ಸುಟ್ಟ ಸಕ್ಕರೆಯ ಘಮ ಇದರಲ್ಲಿ ಪೂರ್ತಿ ಬರುವುದಿಲ್ಲ, ಅದು ಬೀಜ ಹುರಿಯುವಾಗಲೇ ಸೇರಬೇಕಾದದ್ದು. ಒಂದು ಚಿಕ್ಕ ತುಂಡು ಬೆಣ್ಣೆ ತೇಲಿಬಿಟ್ಟರೆ ಕಹಿಯ ಮೊನೆ ಮುರಿದು ಹತ್ತಿರಕ್ಕೆ ಬರುತ್ತದೆ. ಸಿಂಗಪುರದ ಹಳಬರು ಬೆಣ್ಣೆ ಹಾಕಿದ ಕೋಪಿಯನ್ನು "ಕೋಪಿ ಗು ಯು" ಎಂದು ಕೇಳಿಯೇ ಕುಡಿಯುತ್ತಾರೆ.

ಹೊಸ ಬಟ್ಟೆ ಚೀಲವನ್ನು ಒಮ್ಮೆ ಹಳೆಯ ಕಾಫಿ ಚರಟದ ಜೊತೆ ಹತ್ತು ನಿಮಿಷ ಕುದಿಸಿಯೇ ಬಳಸಿ, ಇಲ್ಲವಾದರೆ ಮೊದಲ ಲೋಟಗಳಲ್ಲಿ ಗಂಜಿ ಬಟ್ಟೆಯ ವಾಸನೆ ಬರುತ್ತದೆ. ಸೋಪು ಮುಟ್ಟಿಸಬೇಡಿ, ಬಿಸಿನೀರಿನಲ್ಲಿ ಒಳಗು ಹೊರಗು ಮಾಡಿ ತೊಳೆದು ಗಾಳಿಯಾಡುವ ಕಡೆ ನೇತುಹಾಕಿ. ಒದ್ದೆಯಾಗಿಯೇ ಮಡಿಸಿಟ್ಟರೆ ಎರಡೇ ದಿನಕ್ಕೆ ಹುಳಿ ನಾತ ಹಿಡಿಯುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ.